ಸಿಹಿ ಮಾತ್ರೆಯ ಡಬ್ಬಿ ಮತ್ತು ಮುರಿದ ಮಣಿಕಟ್ಟು: ಒಂದು ಪ್ರಕರಣ ಅಧ್ಯಯನ

ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ಎಡಗೈಯಿಂದ ಬ್ಯಾಗ್ ತಡಕಾಡಿ, ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಲಗೈಗೆ ಬ್ಯಾಂಡೇಜ್ ಇತ್ತು. ತಲೆ ಒತ್ತಿದರೆ ಸಕ್ಕರೆ ಬದಲು ಕಾಫಿಗೆ ಹಾಕುವ ಒಂದು ಬಿಳಿ ಮಾತ್ರೆ ಟಕ್ ಅಂತ ಉದುರುತ್ತದಲ್ಲ, ಅಂಥ ಡಬ್ಬಿ. "ನೋಡಿ ಮೇಡಂ, ನನ್ನ ಮೂಳೆ ತಿಂದಿದ್ದು ಇದೇ" ಅಂದರು. ಪಕ್ಕದಲ್ಲಿದ್ದ ಮಗಳು, "ಎರಡು ವರ್ಷದಿಂದ ಹೇಳ್ತಾನೇ ಇದೀನಿ, ಅಮ್ಮ ಕೇಳಿದ್ರೆ ತಾನೆ" ಅಂದಳು.

ನಾನು ಡಯಟೀಷಿಯನ್. ಶುಗರ್ ಇರುವವರ ಊಟದ ಲೆಕ್ಕ ನೋಡುವುದೇ ನನ್ನ ದಿನದ ಕೆಲಸ. ಸಿಹಿ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತಾ, ಕ್ಯಾನ್ಸರ್ ಬರುತ್ತಾ ಅಂತ ವಾರಕ್ಕೆ ನಾಲ್ಕೈದು ಜನ ಕೇಳುತ್ತಾರೆ. ಮೂಳೆಯ ವಿಷಯದಲ್ಲಿ ಇಷ್ಟು ಖಚಿತವಾಗಿ ದೂರು ತಂದವರು ಇವರೇ ಮೊದಲು. ಆ ದೂರನ್ನು ತಳ್ಳಿಹಾಕುವ ಮನಸ್ಸು ನನಗಿರಲಿಲ್ಲ. ಹಾಗಂತ ಸುಮ್ನೆ ಒಪ್ಪಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಆಕೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಬಂದಾಗಿನ ಸ್ಥಿತಿ

ವಯಸ್ಸು 56. ಎತ್ತರ 158 ಸೆಂಟಿಮೀಟರ್, ತೂಕ 62 ಕೆಜಿ. ಆರು ವರ್ಷದಿಂದ ಟೈಪ್ 2 ಡಯಾಬಿಟಿಸ್. ಮುಟ್ಟು ನಿಂತಿದ್ದು 44ನೇ ವಯಸ್ಸಿಗೆ. ಮನೆಯೊಳಗೆ ನಡೆಯುವಾಗ ಮಡಚಿದ್ದ ನೆಲಹಾಸಿನ ಅಂಚಿಗೆ ಕಾಲು ಸಿಕ್ಕಿ ಮುಗ್ಗರಿಸಿದ್ದರು. ಕೈ ಊರಿದರು, ಮಣಿಕಟ್ಟಿನ ಮೂಳೆ ಮುರಿಯಿತು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಡಾಕ್ಟರುಗಳು ಅದನ್ನು ಬರೀ ಅಪಘಾತ ಅಂತ ನೋಡುವುದಿಲ್ಲ. ಮೂಳೆಯೇ ಸೋತಿರಬಹುದು ಅಂತ ಅನುಮಾನ ಪಡುತ್ತಾರೆ. ಹಾಗಾಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದರು.

ರಿಪೋರ್ಟಿನಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 1.9 ಇತ್ತು. ತೊಡೆಮೂಳೆಯ ಕುತ್ತಿಗೆಯ ಜಾಗದಲ್ಲಿ ಮೈನಸ್ 2.3. ಆರೋಗ್ಯವಂತ ಯುವ ವಯಸ್ಕರ ಸರಾಸರಿಯಿಂದ ನಮ್ಮ ಮೂಳೆ ಸಾಂದ್ರತೆ ಎಷ್ಟು ಕೆಳಗಿದೆ ಅನ್ನುವುದೇ ಈ ಅಂಕಿ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಅಳತೆಯಂತೆ ಮೈನಸ್ 1ರಿಂದ ಮೈನಸ್ 2.5ರವರೆಗೆ ಇದ್ದರೆ ಮೂಳೆ ಸವೆಯತೊಡಗಿದೆ ಎಂದರ್ಥ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ತೀರಾ ಸವೆದು ಸುಲಭವಾಗಿ ಮುರಿಯುವ ಸ್ಥಿತಿ. ಈಕೆ ಗೆರೆಯ ಹತ್ತಿರ ನಿಂತಿದ್ದರು. ಆದರೆ ಶುಗರ್ ಇರುವವರಲ್ಲಿ ಈ ಅಂಕಿ ಪೂರ್ತಿ ಕತೆ ಹೇಳುವುದಿಲ್ಲ. ಟಿ-ಸ್ಕೋರ್ ಒಂದೇ ಇದ್ದರೂ, ಶುಗರ್ ಇಲ್ಲದವರಿಗಿಂತ ಇರುವವರ ಮೂಳೆ ಬೇಗ ಮುರಿಯುತ್ತದೆ. ಮೂಳೆಯ ಪ್ರಮಾಣ ಸರಿಯಿದ್ದರೂ ಅದರ ಗುಣ ಕೆಟ್ಟಿರುತ್ತದೆ.

"ಮಾತ್ರೆ ಶುರು ಮಾಡಿದ್ದು ಆರು ವರ್ಷದ ಹಿಂದೆ. ಮೂಳೆ ಹಾಳಾಗಿದ್ದೂ ಆಮೇಲೇ ಅಲ್ವಾ ಮೇಡಂ?" ಅಂತ ಕೇಳಿದರು. ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು ಅನ್ನಿಸಿತು.

ಮಾತ್ರೆಯ ಲೆಕ್ಕ

ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಒಂದು ಮಾತ್ರೆಯಲ್ಲಿ 18 ಮಿಲಿಗ್ರಾಂ ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿಕಾರಕ. ದಿನಕ್ಕೆ ಐದು ಕಪ್ ಕಾಫಿ, ಕಪ್ಪಿಗೆ ಎರಡು ಮಾತ್ರೆ. ಅಲ್ಲಿಗೆ 180 ಮಿಲಿಗ್ರಾಂ. ಇದರ ಜೊತೆಗೆ ದಿನಕ್ಕೆ ಎರಡು ಕ್ಯಾನ್ ಡಯಟ್ ಕೋಲಾ. ಒಂದು ಕ್ಯಾನಿಗೆ ಸುಮಾರು 200 ಮಿಲಿಗ್ರಾಂ ಅಂತ ಹಿಡಿದರೆ 400. ಒಟ್ಟು 580. ಆಕೆಯ ತೂಕಕ್ಕೆ ಭಾಗಿಸಿದರೆ ಕೆಜಿಗೆ 9.4 ಮಿಲಿಗ್ರಾಂ. ಅಂತರರಾಷ್ಟ್ರೀಯ ತಜ್ಞರ ಸಮಿತಿ ಜೀವನಪೂರ್ತಿ ದಿನವೂ ತೆಗೆದುಕೊಂಡರೂ ತೊಂದರೆಯಿಲ್ಲ ಎಂದು ಇಟ್ಟಿರುವ ಮಿತಿ ಕೆಜಿಗೆ 40. ಅಂದರೆ ಆಕೆ ಮಿತಿಯ ಕಾಲು ಭಾಗವನ್ನೂ ಮುಟ್ಟಿರಲಿಲ್ಲ.

ಮಗಳ ಫೋನಿನಲ್ಲಿ ಒಂದು ಮೆಸೇಜ್ ಇತ್ತು. ಆಸ್ಪರ್ಟೇಮ್ ಒಡೆದು ಮೆಥನಾಲ್ ಆಗುತ್ತದೆ, ಅದು ಮೂಳೆಯನ್ನು ಕರಗಿಸುತ್ತದೆ ಅಂತ. ಮೊದಲರ್ಧ ನಿಜ. ಆಸ್ಪರ್ಟೇಮ್ ಕರುಳಿನಲ್ಲಿ ಒಡೆದು ಸುಮಾರು ಅರ್ಧ ಭಾಗ ಫಿನೈಲ್‌ಅಲನೈನ್, ಶೇಕಡಾ 40 ಆಸ್ಪಾರ್ಟಿಕ್ ಆಮ್ಲ (ಇವೆರಡೂ ಪ್ರೋಟೀನಿನಲ್ಲಿರುವ ಅಮೈನೊ ಆಮ್ಲಗಳು), ಉಳಿದ ಶೇಕಡಾ 10 ಮೆಥನಾಲ್ ಆಗುತ್ತದೆ. ಮೆಥನಾಲ್ ಅಂದರೆ ಹೆಚ್ಚಾದರೆ ವಿಷವಾಗುವ ಒಂದು ಬಗೆಯ ಆಲ್ಕೋಹಾಲ್. ಆಕೆಯ 580 ಮಿಲಿಗ್ರಾಂನಿಂದ ಬರುವ ಮೆಥನಾಲ್ 58 ಮಿಲಿಗ್ರಾಂ. ಹಣ್ಣಿನ ರಸದಿಂದಲೂ ಟೊಮೆಟೊ ರಸದಿಂದಲೂ ಮೆಥನಾಲ್ ದಿನವೂ ನಮ್ಮ ಹೊಟ್ಟೆಗೆ ಹೋಗುತ್ತದೆ. ಇಷ್ಟು ಸಣ್ಣ ಪ್ರಮಾಣವನ್ನು ಲಿವರ್ ನಿಭಾಯಿಸುತ್ತದೆ. ಮೆಸೇಜಿನ ಎರಡನೇ ಅರ್ಧಕ್ಕೆ ಬುಡವಿಲ್ಲ. ಒಂದು ಮಾತು ಮಾತ್ರ ಇಲ್ಲಿ ಹೇಳಲೇಬೇಕು. ಫಿನೈಲ್‌ಕೀಟೊನ್ಯೂರಿಯಾ ಅನ್ನುವ ಹುಟ್ಟಿನಿಂದ ಬರುವ ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಬೇಡವೇ ಬೇಡ. ಅವರ ದೇಹಕ್ಕೆ ಫಿನೈಲ್‌ಅಲನೈನ್ ನಿಭಾಯಿಸಲು ಆಗುವುದಿಲ್ಲ. ಲೇಬಲ್ಲಿನ ಮೇಲೆ ಎಚ್ಚರಿಕೆ ಹಾಕುವುದು ಅದಕ್ಕೇ. ಈಕೆಗೆ ಆ ತೊಂದರೆ ಇರಲಿಲ್ಲ.

ಸಿಹಿಕಾರಕಗಳು ಪೂರ್ತಿ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2022ರಲ್ಲಿ 120 ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ಎರಡು ವಾರ ಸ್ಯಾಕರಿನ್ ಅಥವಾ ಸುಕ್ರಲೋಸ್ ಅನ್ನುವ ಬೇರೆ ಸಿಹಿಕಾರಕ ತೆಗೆದುಕೊಂಡವರ ದೇಹ ಗ್ಲೂಕೋಸ್ ನಿಭಾಯಿಸುವ ರೀತಿ ಬದಲಾಯಿತು. ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ವ್ಯತ್ಯಾಸ ಕಂಡಿತು. ಕರುಳಿಗೂ ಮೂಳೆಗೂ ನಂಟಿದೆ ಎಂದು ಇವತ್ತು ಬಹಳ ಸಂಶೋಧನೆ ನಡೆಯುತ್ತಿದೆ. ಹಾಗಾಗಿ ಬಾಗಿಲು ಮುಚ್ಚಿಲ್ಲ. ಆದರೆ ತೆರೆದ ಬಾಗಿಲು ಅಂದರೆ ಸಿಕ್ಕಿಬಿದ್ದ ಕಳ್ಳ ಅಂತಲ್ಲ.

"ಹಾಗಾದ್ರೆ ಝೈಲಿಟಾಲ್‌ಗೆ ಬದಲಾಯಿಸೋಣ್ವಾ? ಅದು ಮೂಳೆಗೆ ಒಳ್ಳೇದಂತೆ" ಅಂದಳು ಮಗಳು. ಝೈಲಿಟಾಲ್ ಇನ್ನೊಂದು ಬಗೆಯ ಸಿಹಿಕಾರಕ. ಆ ಮಾತಿಗೂ ಒಂದು ಮೂಲವಿದೆ. ಫಿನ್ಲೆಂಡಿನ ಸಂಶೋಧಕರು ಇಲಿಗಳ ಆಹಾರದಲ್ಲಿ ಶೇಕಡಾ 10ರಷ್ಟು ಝೈಲಿಟಾಲ್ ಬೆರೆಸಿ ಕೊಟ್ಟಾಗ ಮೂಳೆ ಸವೆತ ಕಡಿಮೆಯಾಗಿತ್ತು. ಮನುಷ್ಯರು ತಿನ್ನುವುದರಲ್ಲಿ ಹತ್ತನೇ ಒಂದು ಪಾಲು ಝೈಲಿಟಾಲ್ ಆದರೆ ಮೊದಲು ಭೇದಿ ಶುರುವಾಗುತ್ತದೆ. ಇಲಿಯ ಫಲಿತಾಂಶ ಹಿಡಿದು ಅಡುಗೆಮನೆಯ ಡಬ್ಬಿ ಬದಲಾಯಿಸುವುದು ಸರಿಯಲ್ಲ.

ಕೋಲಾದ ಮೇಲಿನ ಅನುಮಾನ

ಮೂಳೆಯ ವಿಷಯದಲ್ಲಿ ನಿಜವಾದ ಅಧ್ಯಯನಗಳು ಇರುವುದು ಮಾತ್ರೆಯ ಬಗ್ಗೆ ಅಲ್ಲ, ಕ್ಯಾನಿನ ಬಗ್ಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವುದು ಇಲ್ಲೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಮೂಳೆ ಸಾಂದ್ರತೆಯ ಫಲಿತಾಂಶ 2006ರಲ್ಲಿ ಬಂತು. 1,413 ಹೆಂಗಸರು, 1,125 ಗಂಡಸರು. ದಿನವೂ ಕೋಲಾ ಕುಡಿಯುವ ಹೆಂಗಸರಲ್ಲಿ ತೊಡೆಮೂಳೆಯ ಕುತ್ತಿಗೆಯ ಸಾಂದ್ರತೆ, ತಿಂಗಳಿಗೆ ಒಂದು ಸಲವೂ ಕುಡಿಯದವರಿಗಿಂತ ಶೇಕಡಾ 3.7ರಷ್ಟು ಕಡಿಮೆಯಿತ್ತು. ಗಂಡಸರಲ್ಲಿ ಹೀಗೆ ಕಾಣಲಿಲ್ಲ. ಕೋಲಾ ಅಲ್ಲದ ಬೇರೆ ಸೋಡಾ ಕುಡಿಯುವವರಲ್ಲೂ ಕಾಣಲಿಲ್ಲ. ಡಯಟ್ ಕೋಲಾದಲ್ಲಿ ಸಕ್ಕರೆ ಕೋಲಾದ ಹಾಗೇ ಕಂಡಿತು.

2014ರಲ್ಲಿ ಅಮೆರಿಕದ ನರ್ಸುಗಳ ದೊಡ್ಡ ಅಧ್ಯಯನದಿಂದ ಇನ್ನೊಂದು ಫಲಿತಾಂಶ ಬಂತು. ಮುಟ್ಟು ನಿಂತ 73,000ಕ್ಕೂ ಹೆಚ್ಚು ಹೆಂಗಸರನ್ನು 30 ವರ್ಷದವರೆಗೆ ಗಮನಿಸಿದ್ದರು. ದಿನಕ್ಕೆ ಒಂದು ಸೋಡಾ ಜಾಸ್ತಿಯಾದಂತೆಲ್ಲ ಸೊಂಟ ಮುರಿಯುವ ಸಂಭವ ಶೇಕಡಾ 14 ಹೆಚ್ಚು. ಸಕ್ಕರೆ ಸೋಡಾದಲ್ಲಿ 19, ಡಯಟ್ ಸೋಡಾದಲ್ಲಿ 12.

ಮೂರನೆಯದು ಅಮೆರಿಕದ್ದೇ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ಅಲ್ಲೂ 72,000ಕ್ಕೂ ಹೆಚ್ಚು ಹೆಂಗಸರು. ವಾರಕ್ಕೆ 14 ಅಥವಾ ಹೆಚ್ಚು ಸೋಡಾ ಕುಡಿಯುವವರಲ್ಲಿ ಸೊಂಟ ಮುರಿಯುವ ಸಂಭವ ಶೇಕಡಾ 26 ಹೆಚ್ಚು ಕಂಡಿತು. ವಿಚಿತ್ರ ಅಂದರೆ ಆ ನಂಟು ಎದ್ದು ಕಂಡಿದ್ದು ಕೆಫೀನ್ ಇಲ್ಲದ ಸೋಡಾದಲ್ಲಿ. ಮೂಳೆ ಸಾಂದ್ರತೆಯ ಜೊತೆ ನಂಟೇ ಸಿಗಲಿಲ್ಲ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಿಹಿಕಾರಕವೇ ಕಾರಣವಾಗಿದ್ದರೆ ಸಕ್ಕರೆ ಸೋಡಾದಲ್ಲಿ ತೊಂದರೆ ಕಾಣಬಾರದಿತ್ತು, ಅಲ್ವಾ? ಕಂಡಿದೆ, ಜಾಸ್ತಿಯೇ ಕಂಡಿದೆ. ಕೆಫೀನ್ ಕಾರಣವಾಗಿದ್ದರೆ ಕೆಫೀನ್ ಇಲ್ಲದ್ದರಲ್ಲಿ ಕಾಣಬಾರದಿತ್ತು. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲದ ಮೇಲೂ ಅನುಮಾನವಿದೆ. ಆದರೆ ಒಂದು ಕ್ಯಾನಿನಲ್ಲಿ ಇರುವ ಫಾಸ್ಫರಸ್ ಹತ್ತಾರು ಮಿಲಿಗ್ರಾಂ ಅಷ್ಟೇ. ಒಂದು ಕಪ್ ಹಾಲಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಹಾಲಿನಲ್ಲಿ ಜೊತೆಗೆ ಕ್ಯಾಲ್ಸಿಯಂ ಇರುತ್ತದೆ, ಕ್ಯಾನಿನಲ್ಲಿ ಇರುವುದಿಲ್ಲ. ವ್ಯತ್ಯಾಸ ಅದು.

ಇನ್ನೊಂದು ಪ್ರಶ್ನೆ ಯಾವಾಗಲೂ ಕೇಳಬೇಕು. ಡಯಟ್ ಸೋಡಾ ಕುಡಿಯುವವರು ಯಾರು? ಶುಗರ್ ಬಂದವರು, ತೂಕ ಇಳಿಸಲು ಒದ್ದಾಡುವವರು. ಅವರ ಮೂಳೆಗೆ ಅಪಾಯ ಸೋಡಾಕ್ಕಿಂತ ಮೊದಲೇ ಬಂದಿರಬಹುದು. ಇಂಥ ಅಧ್ಯಯನಗಳು ಜೊತೆಜೊತೆಗೆ ಏನೇನಿದೆ ಅಂತ ತೋರಿಸುತ್ತವೆ. ಯಾವುದರಿಂದ ಏನಾಯಿತು ಅಂತ ಹೇಳುವುದು ಅವುಗಳ ಕೈಲಾಗದ ಕೆಲಸ.

ಅಮೆರಿಕದ ಕ್ರೈಟನ್ ವಿಶ್ವವಿದ್ಯಾಲಯದ ರಾಬರ್ಟ್ ಹೀನಿ ಮೂಳೆ ಮತ್ತು ಕ್ಯಾಲ್ಸಿಯಂ ಕುರಿತು ದಶಕಗಳ ಕಾಲ ಕೆಲಸ ಮಾಡಿದವರು. 2001ರಲ್ಲಿ ಅವರ ತಂಡ ಹೆಂಗಸರಿಗೆ ಬೇರೆ ಬೇರೆ ಪಾನೀಯ ಕೊಟ್ಟು ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೋಗುತ್ತದೆ ಅಂತ ಅಳೆಯಿತು. ಸ್ವಲ್ಪ ಹೆಚ್ಚಾಗಿದ್ದು ಕೆಫೀನ್ ಇದ್ದಾಗ. ಫಾಸ್ಫಾರಿಕ್ ಆಮ್ಲದಿಂದ ಏನೂ ಹೆಚ್ಚಲಿಲ್ಲ. ಸೋಡಾ ಬಂದು ಹಾಲನ್ನು ಹೊರಗೆ ತಳ್ಳುತ್ತದೆ, ನಷ್ಟ ಆಗುವುದು ಹಾಗೆ ಅನ್ನುವುದು ಅವರ ತೀರ್ಮಾನವಾಗಿತ್ತು. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಕ್ಯಾಲ್ಸಿಯಂ ಲೆಕ್ಕವನ್ನು ಸರಿಹೊಂದಿಸಿದ ಮೇಲೂ ನಂಟು ಉಳಿದಿತ್ತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಹಾಗಾಗಿ ಹೀನಿಯವರ ಮಾತು ಎಲ್ಲರಿಗೂ ಪೂರ್ತಿ ಉತ್ತರವಲ್ಲ. ಆದರೆ ನನ್ನ ಎದುರು ಕೂತ ಈ ಒಬ್ಬರಿಗೆ ಅದು ಎಷ್ಟು ಹೊಂದುತ್ತದೆ? ಅದನ್ನು ನೋಡಬೇಕಿತ್ತು.

ಏಳು ದಿನದ ನೋಟ್‌ಬುಕ್

ಒಂದು ವಾರ ಬಾಯಿಗೆ ಹೋಗಿದ್ದೆಲ್ಲ ಬರೆದುಕೊಂಡು ಬನ್ನಿ ಅಂದೆ. ಬಲಗೈ ಆಗದ್ದರಿಂದ ಮಗಳು ಬರೆದಳು. ಮುಂದಿನ ವಾರ ಆ ನೋಟ್‌ಬುಕ್ ತಂದರು. ಪ್ರತಿ ಪುಟದಲ್ಲೂ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು: "ಬ್ಲ್ಯಾಕ್ ಕಾಫಿ, ಮಾತ್ರೆ 2." ಬೆಳಿಗ್ಗೆ ಎದ್ದ ಕೂಡಲೇ ಒಂದು. ಹತ್ತು ಗಂಟೆಗೆ ಒಂದು. ಮಧ್ಯಾಹ್ನ ಅರ್ಧ ಊಟ, ಒಂದು ಕ್ಯಾನ್. ಸಂಜೆ ಮತ್ತೆ ಕಾಫಿ. ರಾತ್ರಿ ಸೂಪ್ ಅಥವಾ ತರಕಾರಿ, ಆಮೇಲೆ ಟಿವಿ ಮುಂದೆ ಇನ್ನೊಂದು ಕ್ಯಾನ್. ಏಳು ದಿನದಲ್ಲಿ ಮೊಸರು ಎರಡು ಸಲ ಬಂದಿತ್ತು. ಹಾಲು ಅನ್ನುವ ಪದ ಒಂದೇ ಒಂದು ಸಲವೂ ಇರಲಿಲ್ಲ.

"ಶುಗರ್ ಬರೋಕೆ ಮುಂಚೆ ಕಾಫಿ ಹೇಗೆ ಕುಡೀತಿದ್ರಿ?" ಅಂತ ಕೇಳಿದೆ.

"ಹಾಲು ಹಾಕಿ. ಮಲಗೋ ಮುಂಚೆ ಒಂದು ಲೋಟ ಹಾಲೂ ಕುಡೀತಿದ್ದೆ."

"ಬಿಟ್ಟಿದ್ದು ಯಾವಾಗ?"

ಆಕೆ ಸ್ವಲ್ಪ ಯೋಚಿಸಿದರು. "ಶುಗರ್ ಅಂತ ಗೊತ್ತಾದ ದಿನವೇ. ಸಕ್ಕರೆ ಬಿಡಬೇಕು ಅಂದ್ರು. ಡಯಟ್ ಅಂದ್ಮೇಲೆ ಹಾಲೂ ಬೇಡ ಅಂದ್ಕೊಂಡೆ. ಕೊಬ್ಬು ಅಲ್ವಾ ಅದ್ರಲ್ಲಿ? ಮಾತ್ರೆ ಡಬ್ಬಿ ತಂದಿದ್ದೂ ಅವತ್ತೇ."

ನನಗೆ ಈ ಪ್ರಕರಣದ ಗಂಟು ಬಿಚ್ಚಿಕೊಂಡಿದ್ದು ಇಲ್ಲಿ. ಮಾತ್ರೆ ಮನೆಗೆ ಬಂದ ದಿನವೇ ಹಾಲು ಮನೆಯಿಂದ ಹೋಗಿತ್ತು. ಆಕೆ ದಿನಾಂಕವನ್ನು ಸರಿಯಾಗಿಯೇ ನೆನಪಿಟ್ಟಿದ್ದರು. ಬಂದದ್ದು ಕಣ್ಣಿಗೆ ಕಂಡಿತು, ಹೋದದ್ದು ಕಾಣಲಿಲ್ಲ.

ಲೆಕ್ಕ ಹೀಗಿದೆ. ಒಂದು ಕಪ್, ಅಂದರೆ 240 ಮಿಲಿಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ. ಮೊದಲು ಕಾಫಿಯ ಹಾಲು, ರಾತ್ರಿಯ ಲೋಟ ಸೇರಿ ದಿನಕ್ಕೆ ಎರಡು ಕಪ್ ಆಗುತ್ತಿತ್ತು. 600 ಮಿಲಿಗ್ರಾಂ. ನೋಟ್‌ಬುಕ್ಕಿನ ವಾರದಲ್ಲಿ ಎಲ್ಲ ಆಹಾರ ಸೇರಿಸಿದರೂ ದಿನದ ಸರಾಸರಿ 380 ಮಿಲಿಗ್ರಾಂ ದಾಟಲಿಲ್ಲ. 50 ದಾಟಿದ ಹೆಂಗಸರಿಗೆ ಬೇಕಾದದ್ದು 1,200. ಇದು ಒಂದು ವಾರದ ಮಾತಲ್ಲ, ಆರು ವರ್ಷದ ಮಾತು.

ಕಾಫಿಯದ್ದೂ ಒಂದು ಸೂಕ್ಷ್ಮ ಇದೆ. ಕೆಫೀನ್ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ಒಂಚೂರು ತಗ್ಗಿಸುತ್ತದೆ. ಒಂದು ಕಪ್ ಕಾಫಿಯ ಆ ನಷ್ಟ ತುಂಬಲು ಒಂದೆರಡು ದೊಡ್ಡ ಚಮಚ ಹಾಲು ಸಾಕು ಅಂತ ಹೀನಿಯವರೇ ಲೆಕ್ಕ ಹಾಕಿದ್ದರು. ಹಾಲು ಹಾಕಿದ ಕಾಫಿ ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುತ್ತದೆ. ಬ್ಲ್ಯಾಕ್ ಕಾಫಿ ತೀರಿಸುವುದಿಲ್ಲ. ಈಕೆ ದಿನಕ್ಕೆ ಐದು ಕಪ್ ಬ್ಲ್ಯಾಕ್, ಅದರ ಮೇಲೆ ಎರಡು ಕ್ಯಾನ್. ಒಟ್ಟು ಕೆಫೀನ್ 500 ಮಿಲಿಗ್ರಾಂ ಹತ್ತಿರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ವಯಸ್ಕರಿಗೆ ಹೇಳಿರುವ ಮಿತಿ 400.

ತೂಕದ ಕತೆಯೂ ಇದೆ. ಶುಗರ್ ಗೊತ್ತಾದಾಗ ಆಕೆ 75 ಕೆಜಿ ಇದ್ದರು. ಒಂದೂವರೆ ವರ್ಷದಲ್ಲಿ 13 ಕೆಜಿ ಇಳಿಸಿದ್ದರು. ಎಲ್ಲರೂ ಹೊಗಳಿದ್ದರಂತೆ. ಹೊಗಳಬೇಕಾದ್ದೇ, ಶುಗರ್ ಹತೋಟಿಗೆ ಬಂದಿತ್ತು. ಆದರೆ ಇಳಿಸಿದ್ದು ಬರೀ ಊಟ ಕಡಿಮೆ ಮಾಡಿ. ವ್ಯಾಯಾಮ ಸೊನ್ನೆ. ತೂಕ ಶೇಕಡಾ 10ರಷ್ಟು ಇಳಿದರೆ ಸೊಂಟದ ಮೂಳೆ ಶೇಕಡಾ 1ರಿಂದ 2ರಷ್ಟು ಕಡಿಮೆಯಾಗುತ್ತದೆ. ಹೊರುವ ಭಾರ ಇಳಿದಾಗ ಮೂಳೆಯೂ ತನ್ನನ್ನು ಕರಗಿಸಿಕೊಳ್ಳುತ್ತದೆ. ಈಕೆ ಇಳಿಸಿದ್ದು ಶೇಕಡಾ 17.

ಔಷಧಿಯ ಚೀಟಿ

ಔಷಧಿಯ ಚೀಟಿ ನೋಡಿದಾಗ ನನಗೆ ಬೇಜಾರಾಯಿತು. ಯಾರ ತಪ್ಪೂ ಅಲ್ಲ. ಒಂದೊಂದನ್ನೂ ಒಂದೊಂದು ಕಾಲದಲ್ಲಿ ಸರಿಯಾದ ಕಾರಣಕ್ಕೇ ಬರೆದಿದ್ದರು. ಒಟ್ಟಿಗೆ ಇಟ್ಟು ಯಾರೂ ನೋಡಿರಲಿಲ್ಲ, ಅಷ್ಟೇ.

ಶುಗರಿಗೆ ಮೆಟ್‌ಫಾರ್ಮಿನ್ ಜೊತೆ ನಾಲ್ಕು ವರ್ಷದಿಂದ ಪಯೊಗ್ಲಿಟಜೋನ್. ಇದು ಒಳ್ಳೆಯ ಔಷಧಿ, ಆದರೆ ಹೆಂಗಸರಲ್ಲಿ ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುತ್ತದೆ. ಈ ಗುಂಪಿನ ಔಷಧಿಗಳ ಈ ಗುಣ 2006ರ ಹೊತ್ತಿಗೇ ದೊಡ್ಡ ಪ್ರಯೋಗದಲ್ಲಿ ಹೊರಬಿದ್ದಿತ್ತು. ಮಜ್ಜೆಯಲ್ಲಿರುವ ಮೂಲ ಕೋಶಗಳು ಮೂಳೆ ಕಟ್ಟುವ ಕೋಶಗಳಾಗುವ ಬದಲು ಕೊಬ್ಬಿನ ಕೋಶಗಳಾಗುವಂತೆ ಇದು ದಾರಿ ತಿರುಗಿಸುತ್ತದೆ.

ಎರಡನೆಯದು ಎದೆಯುರಿಗೆ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್. ಇದೂ ನಾಲ್ಕು ವರ್ಷ. ಇಂಥ ಔಷಧಿಗಳನ್ನು ಬಹಳ ಕಾಲ ತೆಗೆದುಕೊಂಡರೆ ಮೂಳೆ ಮುರಿಯುವ ಸಂಭವ ಹೆಚ್ಚಬಹುದು ಅಂತ ಅಮೆರಿಕದ ಎಫ್‌ಡಿಎ (ಔಷಧಿ ನಿಯಂತ್ರಣ ಸಂಸ್ಥೆ) 2010ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಎದೆಯುರಿ ಯಾವಾಗ ಜಾಸ್ತಿ ಅಂತ ಕೇಳಿದೆ. ರಾತ್ರಿ ಮಲಗಿದಾಗ ಅಂದರು. ಮಲಗುವ ಮುಂಚೆ ಏನು? ಒಂದು ಕ್ಯಾನ್ ಕೋಲಾ! ಬೆಳಿಗ್ಗೆ ಖಾಲಿ ಹೊಟ್ಟೆಗೆ ಬ್ಲ್ಯಾಕ್ ಕಾಫಿ. ಕ್ಯಾನು ಎದೆಯುರಿ ಕೆರಳಿಸುತ್ತಿತ್ತು, ಎದೆಯುರಿಗೆ ಮಾತ್ರೆ, ಆ ಮಾತ್ರೆಯಿಂದ ಹೊಟ್ಟೆಯ ಆಮ್ಲ ಕಡಿಮೆ.

ಮೂರನೆಯದು ಇನ್ನೂ ಸಂಕಟದ್ದು. ಆಕೆ ಒಂದು ವರ್ಷದಿಂದ ತಾವಾಗಿಯೇ ಕ್ಯಾಲ್ಸಿಯಂ ಮಾತ್ರೆ ತಿನ್ನುತ್ತಿದ್ದರು. ಕ್ಯಾಲ್ಸಿಯಂ ಕಾರ್ಬೊನೇಟ್, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಪ್ಯಾಂಟೊಪ್ರಜೋಲ್ ಜೊತೆಗೇ. ಕಾರ್ಬೊನೇಟ್ ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು, ಊಟದ ಜೊತೆ ತಿನ್ನಬೇಕು. ಒಂದು ವರ್ಷ ತಪ್ಪದೆ ನುಂಗಿದ ಮಾತ್ರೆಯಲ್ಲಿ ಎಷ್ಟೋ ಪಾಲು ಹಾಗೇ ಹೊರಗೆ ಹೋಗಿರಬೇಕು.

ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 14 ನ್ಯಾನೊಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ. ಪ್ಯಾರಾಥೈರಾಯ್ಡ್ ಹಾರ್ಮೋನ್ 78, ಲ್ಯಾಬಿನ ಮೇಲ್ಮಿತಿ 65. ರಕ್ತದ ಕ್ಯಾಲ್ಸಿಯಂ ಮಾತ್ರ ಸರಿಯಾಗಿತ್ತು. ಇದು ಹಲವರನ್ನು ದಾರಿ ತಪ್ಪಿಸುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಲು ದೇಹ ಬಿಡುವುದಿಲ್ಲ. ಊಟದಿಂದ ಬರದಿದ್ದರೆ ಈ ಹಾರ್ಮೋನ್ ಹೆಚ್ಚಿಸಿ ಮೂಳೆಯಿಂದ ತೆಗೆಯುತ್ತದೆ. ರಿಪೋರ್ಟ್ ನಾರ್ಮಲ್ ಅನ್ನುತ್ತದೆ, ಮೂಳೆ ಸವೆಯುತ್ತಿರುತ್ತದೆ. ಥೈರಾಯ್ಡ್, ಕಿಡ್ನಿ, ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಕಾಯಿಲೆ) ಪರೀಕ್ಷೆಗಳಲ್ಲಿ ಏನೂ ಇರಲಿಲ್ಲ. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಶೇಕಡಾ 6.9.

ಇಷ್ಟೆಲ್ಲದರ ಬುಡದಲ್ಲಿ 44ಕ್ಕೇ ನಿಂತ ಮುಟ್ಟು. ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನ್ ಇಳಿದ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಸಿಹಿ ಮಾತ್ರೆ ಬರುವ ಹೊತ್ತಿಗೆ ಆಕೆ ಆ ವರ್ಷಗಳನ್ನು ಆಗಲೇ ದಾಟಿ ಬಂದಿದ್ದರು.

ಏನು ಮಾಡಿದೆವು

ಔಷಧಿಯ ವಿಷಯ ನನ್ನದಲ್ಲ. ನೋಟ್‌ಬುಕ್ಕಿನ ಸಾರಾಂಶವನ್ನೂ ಔಷಧಿಯ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಆಕೆಯ ಡಾಕ್ಟರಿಗೆ ಕಳಿಸಿದೆ. ಅವರು ಪಯೊಗ್ಲಿಟಜೋನ್ ನಿಲ್ಲಿಸಿ, ಮೂಳೆಗೆ ಕೇಡು ಮಾಡದ ಸಿಟಾಗ್ಲಿಪ್ಟಿನ್ ಕೊಟ್ಟರು. ವಾರಕ್ಕೊಮ್ಮೆಯಂತೆ 8 ವಾರ ಹೆಚ್ಚು ಪ್ರಮಾಣದ ವಿಟಮಿನ್ ಡಿ ಕೊಟ್ಟರು. ಎದೆಯುರಿ ಇರುವವರಿಗೆ ಬಾಯಿಂದ ನುಂಗುವ ಮೂಳೆಯ ಮಾತ್ರೆ ಹೊಂದುವುದಿಲ್ಲ. ಹಾಗಾಗಿ ಮೂಳೆ ಸವೆತ ತಡೆಯಲು ವರ್ಷಕ್ಕೊಂದು ಸಲ ಕೊಡುವ ಝೊಲೆಡ್ರೊನಿಕ್ ಆಮ್ಲದ ಡ್ರಿಪ್ ಆರಿಸಿದರು. ವಿಟಮಿನ್ ಡಿ ಸರಿಹೋದ ಮೇಲಷ್ಟೇ ಕೊಟ್ಟರು. ಕೊರತೆ ಇರುವಾಗಲೇ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಡ್ರಿಪ್ ಆದ ಮರುದಿನ ಆಕೆಗೆ ಜ್ವರ, ಮೈಕೈ ನೋವು ಬಂತು. ಮೊದಲ ಸಲ ಹಾಗಾಗುವುದು ಮಾಮೂಲು. ಎರಡು ದಿನದಲ್ಲಿ ಹೋಯಿತು.

ನನ್ನ ಪಾಲಿನ ಕೆಲಸ ಲೋಟಗಳದ್ದು. ರಾತ್ರಿಯ ಕ್ಯಾನ್ ಬಿಡಿ ಅಂದೆ. ಆಸ್ಪರ್ಟೇಮಿಗೆ ಹೆದರಿ ಅಲ್ಲ, ಆ ಜಾಗ ನನಗೆ ಬೇಕಿತ್ತು. ಅಲ್ಲಿ ಒಂದು ಲೋಟ ಕೊಬ್ಬು ತೆಗೆದ ಹಾಲು ಬಂತು. ಕೊಬ್ಬು ತೆಗೆದರೂ ಕ್ಯಾಲ್ಸಿಯಂ ಹೋಗುವುದಿಲ್ಲ ಅಂತ ಪ್ಯಾಕೆಟ್ಟಿನ ಅಂಕಿ ತೋರಿಸಿದಾಗ ಆಕೆಗೆ ನಂಬಲಾಗಲಿಲ್ಲ. ಕಾಫಿ ಮೂರಕ್ಕೆ ಇಳಿಯಿತು, ಮೂರಕ್ಕೂ ಹಾಲು. ಮಧ್ಯಾಹ್ನ ಮೊಸರು. ಉಳಿದ ಕೊರತೆಗೆ ಡಾಕ್ಟರು ಕಾರ್ಬೊನೇಟ್ ಬದಲು ಸಿಟ್ರೇಟ್ ಬರೆದರು. ಅದಕ್ಕೆ ಆಮ್ಲದ ಹಂಗಿಲ್ಲ. ಹಾಲಿನಲ್ಲೂ ಸಕ್ಕರೆಯ ಅಂಶ ಇರುವುದರಿಂದ ಊಟದ ಲೆಕ್ಕದಲ್ಲಿ ಅದನ್ನು ಹಿಡಿದೆವು. ಪ್ರೋಟೀನ್ ಹೆಚ್ಚಿಸಿದೆವು. ಆಕೆಯ ಅರ್ಧ ಊಟ ಮತ್ತೆ ಪೂರ್ತಿ ಊಟವಾಯಿತು.

"ಹಾಗಾದ್ರೆ ಮಾತ್ರೆ ಬಿಟ್ಟು ಸಕ್ಕರೆಗೇ ವಾಪಸ್ ಹೋಗ್ಲಾ?" ಅಂತ ಆಕೆ ಆಸೆಯಿಂದ ಕೇಳಿದರು. ಬೇಡ ಅಂದೆ. ಸಕ್ಕರೆ ಜಾಸ್ತಿ ತಿಂದಾಗ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿಯೇ ಇದ್ದರೆ ಅದು ಮೂಳೆಯೊಳಗಿನ ಕೊಲಾಜೆನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಪೆಡಸು ಮಾಡುತ್ತದೆ. ಮೂಳೆಯ ಹೆಸರಿನಲ್ಲಿ ಶುಗರ್ ಕೆಡಿಸಿಕೊಂಡರೆ ಎರಡೂ ಕೆಡುತ್ತದೆ. ಮಗಳು 2023ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನೆನಪಿಸಿದಳು. ತೂಕ ಇಳಿಸಲು ಸಿಹಿಕಾರಕ ಬಳಸಬೇಡಿ ಅನ್ನುವುದು ಆ ಸಲಹೆ. ನಿಜ. ಆದರೆ ಮೊದಲೇ ಶುಗರ್ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದ್ದಾರೆ. ಕಪ್ಪಿಗೆ ಎರಡಿದ್ದ ಮಾತ್ರೆಯನ್ನು ಒಂದಕ್ಕೆ ಇಳಿಸಿ, ಸಾಧ್ಯವಾದರೆ ನಾಲಿಗೆಗೆ ಕಡಿಮೆ ಸಿಹಿ ರೂಢಿ ಮಾಡಿಸಿ ಅಂದೆ. ಅಷ್ಟೇ.

ಕೈ ವಾಸಿಯಾದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಭಾರ ಎತ್ತುವ ವ್ಯಾಯಾಮ ಶುರುವಾಯಿತು. ಈ ವಯಸ್ಸಿಗೆ ಭಾರವಾ ಅಂತ ಮನೆಯವರು ಗಾಬರಿಯಾದರು. ಆಸ್ಟ್ರೇಲಿಯಾದಲ್ಲಿ 58 ದಾಟಿದ, ಮೂಳೆ ಸವೆದ 101 ಹೆಂಗಸರ ಮೇಲೆ ನಡೆದ ಲಿಫ್ಟ್‌ಮೋರ್ ಪ್ರಯೋಗದ ಬಗ್ಗೆ ಅವರಿಗೆ ಹೇಳಿದೆ. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ತಜ್ಞರ ಕಣ್ಗಾವಲಿನಲ್ಲಿ ಭಾರ ಎತ್ತಿದ ಗುಂಪಿನಲ್ಲಿ ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡಾ 3 ಹೆಚ್ಚಿತ್ತು. ಈಕೆಗೆ ಶುರು ಮಾಡಿದ್ದು ಕುರ್ಚಿಯಿಂದ ಕೈ ಊರದೆ ಏಳುವುದರಿಂದ. ಮೊದಲ ದಿನ ನಾಲ್ಕು ಸಲ ಎದ್ದು ಸುಸ್ತಾಗಿ ಕೂತಿದ್ದರು. ಮಡಚಿಕೊಳ್ಳುವ ಆ ನೆಲಹಾಸನ್ನೂ ತೆಗೆಸಿದೆವು.

ಒಂದೂವರೆ ವರ್ಷದ ನಂತರ

ರಾತ್ರಿಯ ಕ್ಯಾನ್ ಹೋದ ಆರು ವಾರಕ್ಕೇ ಎದೆಯುರಿ ಇಳಿಯಿತು. ಡಾಕ್ಟರು ನಿಧಾನವಾಗಿ ಪ್ಯಾಂಟೊಪ್ರಜೋಲ್ ಕಡಿಮೆ ಮಾಡಿ ನಿಲ್ಲಿಸಿದರು. ಆರು ತಿಂಗಳಿಗೆ ವಿಟಮಿನ್ ಡಿ 34, ಪ್ಯಾರಾಥೈರಾಯ್ಡ್ ಹಾರ್ಮೋನ್ 49. ಮೂರು ತಿಂಗಳ ಸರಾಸರಿ ಶುಗರ್ 6.8. ಹಾಲು ಬಂದದ್ದಕ್ಕೆ ಶುಗರ್ ಏರಲಿಲ್ಲ.

ಹದಿನೆಂಟು ತಿಂಗಳಿಗೆ ಅದೇ ಯಂತ್ರದಲ್ಲಿ ಡೆಕ್ಸಾ ಮಾಡಿಸಿದರು. ಯಂತ್ರ ಬದಲಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಬೆನ್ನುಮೂಳೆ ಮೈನಸ್ 1.9ರಿಂದ ಮೈನಸ್ 1.5ಕ್ಕೆ ಬಂದಿತ್ತು. ತೊಡೆಮೂಳೆಯ ಕುತ್ತಿಗೆ ಮೈನಸ್ 2.3ರಿಂದ ಮೈನಸ್ 2.1ಕ್ಕೆ. ಎರಡನೆಯದು ಯಂತ್ರದ ತಪ್ಪಿನ ಅಂತರದೊಳಗೇ ಬರುತ್ತದೆ, ಹಾಗಾಗಿ ಸವೆತ ನಿಂತಿದೆ ಅಂತ ಮಾತ್ರ ಹೇಳಬಹುದು. ಇದರಲ್ಲಿ ದೊಡ್ಡ ಪಾಲು ಡ್ರಿಪ್ಪಿನದ್ದೇ ಇರಬೇಕು. ಹಾಲಿನದ್ದೆಷ್ಟು, ವ್ಯಾಯಾಮದ್ದೆಷ್ಟು, ನಿಲ್ಲಿಸಿದ ಔಷಧಿಯದ್ದೆಷ್ಟು ಅಂತ ಒಬ್ಬರ ಪ್ರಕರಣದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಒಂದು ಮಾತ್ರ ಹೇಳಬಲ್ಲೆ. ಈ ಹದಿನೆಂಟು ತಿಂಗಳೂ ಆಕೆ ಸಿಹಿ ಮಾತ್ರೆಯನ್ನು ಪೂರ್ತಿ ಬಿಟ್ಟಿರಲಿಲ್ಲ.

ಕೊನೆಯ ಸಲ ಬಂದಾಗ ನೋಟ್‌ಬುಕ್ ಮೇಜಿನ ಮೇಲಿಟ್ಟರು. ಈಗ ಬಲಗೈಯಲ್ಲಿ ತಾವೇ ಬರೆದದ್ದು. "ಹಾಲಿನ ಕಾಫಿ 3, ಮಾತ್ರೆ 3. ರಾತ್ರಿ ಹಾಲು 1. ಕುರ್ಚಿ 30 ಸಲ." ಕ್ಯಾನಿನ ಕಾಲಂ ಆ ವಾರ ಖಾಲಿಯಿತ್ತು. ಮಣಿಕಟ್ಟು ಹೇಗಿದೆ ಅಂತ ಕೇಳಿದೆ. ಗಟ್ಟಿ ಮುಚ್ಚಳ ತಿರುಗಿಸುವಾಗ ಮಾತ್ರ ಚೂರು ನೋಯುತ್ತದೆ ಅಂದರು.